ಇಲ್ಲದ ಅಲೆಗಳು

ಭಾಲ್ಕಿಯಲ್ಲೋ ಔರಾದಿನಲ್ಲೋ ಮದುವೆ ಮುಗಿದು ಚಿತ್ರಗಳು ಮನೆಗೆ ಬಂದಾಗ, ವರನ ಸಣ್ಣಗೆರೆಯ ಕೋಟಿನ ಮೇಲೆ ಬಣ್ಣದ ಅಲೆಗಳನ್ನು ಕಂಡು ಹಿರಿಯರು ಬೆರಗಾಗುವುದುಂಟು. ಅಲೆ ಬಟ್ಟೆಯಲ್ಲಿರುವುದಿಲ್ಲ, ಕ್ಯಾಮೆರಾ ಕೆಟ್ಟಿರುವುದೂ ಇಲ್ಲ.

ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದು ಬೆಳಕಿಗೆ ನೋಡಿದರೆ ಇಂಥದೇ ಅಲೆ ಮೂಡುತ್ತದೆ. ಡಿಜಿಟಲ್ ಕ್ಯಾಮೆರಾದೊಳಗೂ ಬೆಳಕನ್ನು ಗ್ರಹಿಸುವ ಕೋಟಿಗಟ್ಟಲೆ ಬಿಂದುಗಳ ಜಾಲವೊಂದಿದೆ. ಬಟ್ಟೆಯ ಎಳೆಗಳ ಬಿಂಬವು ಆ ಜಾಲದಷ್ಟೇ ಸೂಕ್ಷ್ಮವಾದಾಗ, ಎರಡೂ ಬೆರೆತು ಮೂರನೆಯ ವಿನ್ಯಾಸವೊಂದು ಹುಟ್ಟುತ್ತದೆ. ಅಲೆಗೆರೆಯ ರೇಷ್ಮೆಯಿಂದ ಬಂದ ‘ಮ್ವಾರೆ’ ಎಂಬ ಫ್ರೆಂಚ್ ಹೆಸರು ಇದಕ್ಕಿದೆ.

ಹಲವು ಕ್ಯಾಮೆರಾಗಳಲ್ಲಿ ಬಿಂಬವನ್ನು ತುಸು ಮಸುಕಾಗಿಸುವ ಶೋಧಕವಿದ್ದು ಇದನ್ನು ತಡೆಯುತ್ತದೆ. 2012ರಲ್ಲಿ ನಿಕಾನ್ ಸಂಸ್ಥೆಯು 3 ಕೋಟಿ 60 ಲಕ್ಷ ಬಿಂದುಗಳ ಡಿ800ಇ ಕ್ಯಾಮೆರಾದಲ್ಲಿ, ಸ್ಪಷ್ಟತೆಗಾಗಿ ಆ ಶೋಧಕದ ಪರಿಣಾಮವನ್ನೇ ಅಳಿಸಿತು. ಕಣ್ಣು ಚುರುಕಾಯಿತು, ಭ್ರಮೆಯ ಸಂಭವವೂ ಹೆಚ್ಚಿತು.

ಬೀದರ ನಗರದಲ್ಲಿ ಇದು ಅನ್ನದ ಪ್ರಶ್ನೆಯೂ ಆಗಬಲ್ಲದು. ಬಿದರಿ ಕುಶಲಕರ್ಮಿಯು ಸತು-ತಾಮ್ರಗಳ ಮಿಶ್ರಲೋಹದಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುತ್ತಾನೆ. 2006ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಕಲಾಕೃತಿಗಳನ್ನು ದೂರದ ಗ್ರಾಹಕನು ಇಂದು ಚಿತ್ರ ನೋಡಿಯೇ ಕೊಳ್ಳಬಹುದು. ಒತ್ತಾದ ಬೆಳ್ಳಿಗೆರೆಗಳ ನಡುವೆ ಇಲ್ಲದ ಪಟ್ಟೆಯೊಂದು ಕಂಡರೆ ದೂರು ಯಾರ ಮೇಲೆ? ಕೆತ್ತಿದ ಕೈಯ ಮೇಲೆ!

ಪರಿಹಾರ ಸುಲಭವಾದುದು. ಛಾಯಾಗ್ರಾಹಕನು ಎರಡು ಹೆಜ್ಜೆ ಹಿಂದೆ ಸರಿಯಲಿ, ಇಲ್ಲವೆ ಕೋನ ಬದಲಿಸಲಿ. ನೋಡುವವನೂ ಚಿತ್ರವನ್ನು ಪೂರ್ಣಗಾತ್ರಕ್ಕೆ ಹಿಗ್ಗಿಸಿ ನೋಡಲಿ. ಕುಗ್ಗಿಸಿದ ಚಿತ್ರದಲ್ಲಿ ಪರದೆಯೇ ಅಲೆಯೆಬ್ಬಿಸುವುದುಂಟು. ಕೈಯನ್ನು ದೂರುವ ಮುನ್ನ ಕಣ್ಣನ್ನು ಪರೀಕ್ಷಿಸುವುದು ನ್ಯಾಯ.