ಕರೆಯುವವನ ಹೆಸರು

ದೀಪಾವಳಿಯ ರಜೆಗೆ ಅಣ್ಣಿಗೇರಿಗೆ ಹೋಗಿದ್ದಾಗ, ಅಮೃತೇಶ್ವರ ದೇವಾಲಯದ ಪ್ರಾಂಗಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಎದುರಾದನು. ಒಂದು ಕಾಲದಲ್ಲಿ ಹಿಂದಿನ ಬೆಂಚಿನಿಂದ ಆತನ ಧ್ವನಿ ಎದ್ದಿತೆಂದರೆ ಹೊರಗಿನ ಬೇವಿನ ಮರದ ಕಾಗೆಗಳು ಹಾರುತ್ತಿದ್ದವು. ಈಗ ಕೊರಳಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು ಪಿಸುಗುಟ್ಟುತ್ತಿದ್ದನು.

"ನೆಗಡಿಯೇನಯ್ಯಾ?" ಎಂದು ಕೇಳಿದೆನು.

"ಇಲ್ಲ ಸರ್, ನೌಕರಿ" ಎಂದನು.

ಬೆಂಗಳೂರಿನ ಕಾಲ್ ಸೆಂಟರೊಂದರಲ್ಲಿ ಆತನಿಗೆ ಕೆಲಸ. ಈ ಹೆಸರು ಕೇಳಿದೊಡನೆ ವಾಚಕರ ಕಣ್ಣ ಮುಂದೆ, ರಾತ್ರಿಯೆಲ್ಲ ಎಚ್ಚತ್ತು ಅಮೆರಿಕದವರೊಡನೆ ಇಂಗ್ಲಿಷಿನಲ್ಲಿ ಮಾತನಾಡುವ ತರುಣ ತರುಣಿಯರ ಚಿತ್ರ ಮೂಡಬಹುದು. ಅದೂ ಉಂಟು. ನ್ಯೂಯಾರ್ಕಿನ ಗಡಿಯಾರ ಬೇಸಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ ನಡೆಯುವುದರಿಂದ ಅವರ ಹಗಲೇ ಇವರ ಇರುಳು. ದೇಹದ ದಿನಚರಿಯನ್ನು ಕೆಡಿಸುವ ಇಂತಹ ಪಾಳಿಯ ಕೆಲಸ ಬಹುಶಃ ಕ್ಯಾನ್ಸರಿಗೆ ಕಾರಣವಾದೀತೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿಯೇ ಎಚ್ಚರಿಸಿದ್ದಿತು. ಆದರೆ ನನ್ನ ಶಿಷ್ಯನದು ಹಗಲಿನ ಪಾಳಿ, ಅದೂ ಕನ್ನಡದಲ್ಲಿ. ಸಾಲದ ಕಂತು ತಪ್ಪಿದ ಧಾರವಾಡ, ಗದಗ, ಹಾವೇರಿ ಕಡೆಯ ಜನರಿಗೆ ಕರೆ ಮಾಡಿ ಹಣ ಕೇಳುವುದು ಆತನ ಉದ್ಯೋಗ. ನಮ್ಮ ಸೀಮೆಯ ಮಾತು ಬಲ್ಲನೆಂಬುದೇ ಆತನ ಅರ್ಹತೆ. ಪಂಪನ ತಾಯ್ಮನೆಯ ಊರಿನ ಕನ್ನಡಕ್ಕೆ ಕೊನೆಗೂ ಬೆಲೆ ಬಂದಿತಲ್ಲಾ ಎಂದು ಕನ್ನಡ ಎಂ.ಎ. ಆದ ನಾನು ಕ್ಷಣಕಾಲ ಹಿಗ್ಗಿದ್ದುಂಟು. ಆ ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ.

ಸಂಖ್ಯೆಯನ್ನು ಆತನು ಒತ್ತುವುದಿಲ್ಲ, ಯಂತ್ರವೇ ಒತ್ತುತ್ತದೆ. ಒಂದು ಕರೆ ಮುಗಿದು ಉಸಿರೆಳೆಯುವಷ್ಟರಲ್ಲಿ ಇನ್ನೊಬ್ಬರ "ಹಲೋ" ಕಿವಿಗೆ ಬಂದು ಬೀಳುತ್ತದೆ. ನೀರಿಗೆ, ಶೌಚಕ್ಕೆ, ಊಟಕ್ಕೆ ಎದ್ದ ನಿಮಿಷಗಳೆಲ್ಲ ಲೆಕ್ಕಕ್ಕೆ ಸೇರುತ್ತವೆ. ಆಡಿದ ಮಾತು ಮುದ್ರಿತವಾಗುತ್ತದೆ. ಮೇಲಿನವರು ಅಲ್ಲೊಂದು ಇಲ್ಲೊಂದು ಕೇಳಿ ಅಂಕ ಕೊಡುತ್ತಾರೆ. ನಡುವೆ ಮೌನ ಬಿದ್ದರೆ ಅಂಕ ಕಳೆಯುತ್ತಾರಂತೆ. (ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ನಮಗೂ ಇಷ್ಟು ಕಟುತನ ಸಾಧ್ಯವಿಲ್ಲ.) ಹೆಸರೂ ಆತನದಲ್ಲ, ಕಚೇರಿ ಕೊಟ್ಟದ್ದು. ಸಾಲಗಾರನು ಬಯ್ದರೆ ಆ ಹೆಸರಿಗೆ ಬಯ್ದನೆಂದು ತಿಳಿಯಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆದರೆ ಕಿವಿ ಯಾರದು?

ಕಾನೂನು ಇಲ್ಲವೆಂದಲ್ಲ. ವಸೂಲಿಯ ಕರೆಗಳನ್ನು ಬೆಳಗಿನ 8ಕ್ಕೆ ಮೊದಲು, ಸಂಜೆಯ 7ರ ತರುವಾಯ ಮಾಡಕೂಡದೆಂದು ರಿಜರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಅಪ್ಪಣೆ ಮಾಡಿತು. ಮೈಕ್ರೋ ಫೈನಾನ್ಸಿನವರ ಬಲವಂತದ ವಸೂಲಿಯನ್ನು ತಡೆಯಲು ನಮ್ಮ ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಿತು. ಇವು ಕರೆಯನ್ನು ಕೇಳುವವರ ರಕ್ಷಣೆಗೆ, ಆಗಬೇಕಾದದ್ದೇ. ಕರೆಯುವವನಿಗೂ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ದಿನಕ್ಕೆ 9 ಗಂಟೆಯ ಮಿತಿಯನ್ನು, 5 ಗಂಟೆಯ ದುಡಿಮೆಗೊಂದು ವಿರಾಮವನ್ನು ವಿಧಿಸಿತು. ಅದನ್ನು ಬರೆದವರಿಗೆ ಅಂಗಡಿಯ ಗುಮಾಸ್ತನ ಕಾಲುನೋವು ತಿಳಿದಿದ್ದಿತು. ಗಿರಾಕಿ ಇಲ್ಲದ ಮಧ್ಯಾಹ್ನ ಅವನು ಆಕಳಿಸಬಹುದಿತ್ತು. ಇಲ್ಲಿ ಗಿರಾಕಿ ಇಲ್ಲದ ಗಳಿಗೆಯೇ ಇಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲೀ ಹಾಕ್‌ಶೀಲ್ಡ್ 1983ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ವಿಮಾನದ ಪರಿಚಾರಿಕೆಯರನ್ನೂ ಬಾಕಿ ವಸೂಲಿಗಾರರನ್ನೂ ಒಟ್ಟಿಗೆ ಪರಿಶೀಲಿಸಿದ್ದಾರೆ. ಒಬ್ಬರದು ಗಿರಾಕಿಯನ್ನು ದೊಡ್ಡವನನ್ನಾಗಿಸುವ ನಗೆ, ಇನ್ನೊಬ್ಬರದು ಅವನನ್ನು ಕುಗ್ಗಿಸುವ ಗಡಸು. ಎರಡೂ ಸಂಬಳಕ್ಕೆ ಮಾರಿದ ಭಾವಗಳೇ. ನನ್ನ ಶಿಷ್ಯನು ಎರಡನ್ನೂ ಒಂದೇ ಕರೆಯಲ್ಲಿ ಮಾಡಬೇಕು: ಮೊದಲು "ನಮಸ್ಕಾರ", ಕೊನೆಗೆ ಬೆದರಿಕೆ.

"ಆದರೆ ಸರ್, ಗಂಟಲು ಹೋದದ್ದು ದೊಡ್ಡದಲ್ಲ" ಎಂದು ಆತನು ಕಂಬಕ್ಕೆ ಒರಗಿ ಕುಳಿತನು.

ಹೆಸರಿನ ಸುಗ್ಗಿಯ ದಿನಗಳಲ್ಲಿ ಒಬ್ಬ ಮುದುಕನಿಗೆ ಕರೆ ಹೋಗಿದ್ದಿತು. ಮಗನ ಮೋಟಾರ್ ಸೈಕಲ್ಲಿನ ಎರಡು ಕಂತು ಬಾಕಿ. ಗಣಕದ ತೆರೆಯ ಮೇಲಿದ್ದ ಹಳ್ಳಿ ಅಣ್ಣಿಗೇರಿಯಿಂದ ಎರಡು ಹರದಾರಿ.

"ರಾಶಿ ಮಾಡೂ ಹೊತ್ತಿಗೆ ಮಳಿ ಹಿಡದು ಹೆಸರೆಲ್ಲಾ ಹೋತು ನೋಡಪಾ" ಎಂದನು ಮುದುಕನು. ಆಮೇಲೆ ತಡೆದು, "ತಮ್ಮಾ, ಮಾತು ನಮ್ಮ ಕಡೀದ ಐತಲ್ಲ! ಯಾವೂರವಪಾ ನೀ? ಯಾರ ಪೈಕಿ?"

ಹೇಳುವಂತಿರಲಿಲ್ಲ. ಮೌನವೂ ಕೂಡದು. "ಬೆಂಗಳೂರು" ಎಂದನಂತೆ ನನ್ನ ಶಿಷ್ಯನು. ಮುದುಕನು ನಕ್ಕುಬಿಟ್ಟನು. ಹಣದ ಮಾತಿಗೆ, "ಅಮಾಸಿ ಆಗಲಿ, ನೋಡೋಣಂತ" ಎಂದು ಕರೆ ಮುಗಿಸಿದನು.

ತೆರೆಯ ಮೇಲೆ ಒಂದು ಪಟ್ಟಿ: ಕೊಡುವುದಾಗಿ ಒಪ್ಪಿದರು, ನಿರಾಕರಿಸಿದರು, ಕರೆ ತೆಗೆಯಲಿಲ್ಲ, ತಪ್ಪು ಸಂಖ್ಯೆ. ಇವುಗಳಲ್ಲೊಂದನ್ನು ಒತ್ತದೆ ಮುಂದಿನ ಕರೆ ಬಾರದು. ಬೆಳೆ ಹಾಳಾದುದಕ್ಕೆ ಅಲ್ಲಿ ಮನೆಯಿಲ್ಲ. 'ನೋಡೋಣಂತ' ಎಂದರೆ ಒಪ್ಪಿಗೆಯಲ್ಲ, ನಿರಾಕರಣೆಯೂ ಅಲ್ಲ. ಎದುರಿನವನ ಮುಖ ಉಳಿಸಿ ತನ್ನ ಮುಖವನ್ನೂ ಉಳಿಸಿಕೊಳ್ಳುವ ಮಾತು. ಅದು ನಮ್ಮ ಕಡೆಯ ಹಸುಳೆಗೂ ಗೊತ್ತು. ಅದನ್ನು ಬಲ್ಲವನೆಂದೇ ಅಲ್ಲವೆ ಆತನನ್ನು ಅಲ್ಲಿ ಕೂರಿಸಿದ್ದು!

"ಏನು ಒತ್ತಿದೆ?" ಎಂದು ಕೇಳಿದೆನು.

"ಒಪ್ಪಿದರು ಅಂತ. ದಿನದ ಗುರಿಗೆ ಒಂದು ಕಡಿಮೆ ಇತ್ತು ಸರ್. ತಾರೀಖೂ ಹಾಕಿದೆ, ಅಮಾವಾಸ್ಯೆಯ ಮರುದಿನ."

ಆ ತಾರೀಖಿಗೆ ಯಂತ್ರವು ಮುದುಕನ ಸಂಖ್ಯೆಯನ್ನು ಮತ್ತೆ ತಿರುಗಿಸಿರಬೇಕು. ಕೊಟ್ಟ ಮಾತಿಗೆ ತಪ್ಪಿದವರ ಕರೆಗಳು ಬೇರೆ ಸಾಲಿನವರಿಗೆ ಹೋಗುತ್ತವಂತೆ. ಅಲ್ಲಿ ಕುಳಿತವರು ಏನು ಕೇಳಿದರೋ, ಮುದುಕನು ಏನೆಂದನೋ ಆತನಿಗೆ ತಿಳಿಯದು. ಮರುದಿನದ ಗಾಡಿಗೆ ಆತನು ಬೆಂಗಳೂರಿಗೆ ಹೊರಡುವವನಿದ್ದನು. ತಾಯಿ ಗಂಟಲಿಗೆಂದು ಜ್ಯೇಷ್ಠಮಧುವಿನ ಪುಡಿ ಕಟ್ಟಿಕೊಟ್ಟಿದ್ದಳು.