ಬಿಡಿ ಎಂದರೆ ಬಿಡುವುದುಂಟೆ?

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಅರಿಯದವರಿಲ್ಲ. ಇದರ ಪೂರ್ವಾರ್ಧ ರೋಗಿಗೆ ಸಲ್ಲತಕ್ಕದ್ದಾದರೆ ಉತ್ತರಾರ್ಧ ವೈದ್ಯರಿಗೆ ಸಲ್ಲತಕ್ಕದ್ದು. ನಮ್ಮ ಬಡಾವಣೆಗಳ ಪುಟ್ಟ ದವಾಖಾನೆಗಳಲ್ಲಿ ಈ ಎರಡು ಅರ್ಧಗಳೂ ಕೂಡಿಬರುವುದು ಅಪರೂಪ.

ರಕ್ತದೊತ್ತಡ ಅಳೆದ ಪಟ್ಟಿಯನ್ನು ತೋಳಿನಿಂದ ಬಿಚ್ಚುತ್ತ ಡಾಕ್ಟರು ಹೇಳುತ್ತಾರೆ: "ಉಪ್ಪು ಕಡಿಮೆ ಮಾಡಿ, ಸಿಗರೇಟು ಬಿಡಿ, ದಿನವೂ ನಡೆಯಿರಿ." ವ್ಯಾಕರಣದಲ್ಲಿ ಇದಕ್ಕೆ ವಿಧ್ಯರ್ಥವೆಂದು ಹೆಸರು. ರೋಗಿ ವಿನಯದಿಂದ ತಲೆಯಾಡಿಸುತ್ತಾನೆ. ಬಾಯಲ್ಲಿ "ಬಿಡುತ್ತೇನೆ" ಎಂದರೂ ಮನಸ್ಸಿನಲ್ಲಿರುವುದು "ಬಿಟ್ಟೇನು" ಎಂಬ ಸಂಭಾವನಾರ್ಥ. ಮನೆಗೆ ಬಂದಮೇಲೆ ಮಾತ್ರೆ ಕಪಾಟಿನಲ್ಲಿ, ಉಪ್ಪಿನಕಾಯಿ ತಟ್ಟೆಯ ಅಂಚಿನಲ್ಲಿ, ಎಲ್ಲವೂ ಎಂದಿನಂತೆ! ಏರಿದ ರಕ್ತದೊತ್ತಡ ಸಾಮಾನ್ಯವಾಗಿ ನೋವನ್ನೇ ಕೊಡುವುದಿಲ್ಲ. ನೋಯದ ರೋಗವನ್ನು ನೆನಪಿಡುವವರಾರು? ಒಂದು ದಿನ ಹೃದಯಾಘಾತವೋ ಪಾರ್ಶ್ವವಾಯುವೋ ಬಂದೆರಗಿದಾಗಲೇ ಮನೆಯವರಿಗೆ ಎಚ್ಚರ.

ಹಾಗಾದರೆ ವೈದ್ಯರ ಉಪದೇಶ ವ್ಯರ್ಥವೆ? ಖಂಡಿತ ಅಲ್ಲ. ಲಂಡನ್ನಿನಲ್ಲಿ ಮೈಕೇಲ್ ರಸೆಲ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ, 1979ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 28 ಮಂದಿ ಸಾಮಾನ್ಯ ವೈದ್ಯರ ಬಳಿಗೆ ಬಂದ 2,138 ಧೂಮಪಾನಿಗಳನ್ನು ನಾಲ್ಕು ಗುಂಪು ಮಾಡಲಾಗಿತ್ತು. ಏನನ್ನೂ ಹೇಳದೆ ಬಿಟ್ಟವರಲ್ಲಿ, ಮೊದಲ ತಿಂಗಳಲ್ಲೇ ಸಿಗರೇಟು ಬಿಟ್ಟು ವರ್ಷದ ಕೊನೆಗೂ ಅದನ್ನು ಮುಟ್ಟದಿದ್ದವರು ಶೇಕಡ 0.3. ವೈದ್ಯರು ಒಂದೆರಡು ನಿಮಿಷ ಬುದ್ಧಿ ಹೇಳಿದವರಲ್ಲಿ ಶೇಕಡ 3.3. ಬುದ್ಧಿಮಾತಿನ ಜೊತೆಗೆ ಒಂದು ಕರಪತ್ರವನ್ನು ಕೊಟ್ಟು, "ಮುಂದೆ ನಿಮ್ಮನ್ನು ವಿಚಾರಿಸಲಾಗುವುದು" ಎಂದೂ ತಿಳಿಸಿದವರಲ್ಲಿ ಶೇಕಡ 5.1.

ನೂರಕ್ಕೆ ಐದೇ ಎಂದು ನಗಬೇಡಿ. ಬ್ರಿಟನ್ನಿನ ಸಾಮಾನ್ಯ ವೈದ್ಯರೆಲ್ಲರೂ ಹೀಗೆ ಮಾಡಿದರೆ ವರ್ಷಕ್ಕೆ ಐದು ಲಕ್ಷಕ್ಕೂ ಮಿಕ್ಕಿ ಜನ ಧೂಮಪಾನ ಬಿಟ್ಟಾರೆಂದು ಆ ಸಂಶೋಧಕರು ಲೆಕ್ಕಹಾಕಿದರು. ಮಾತಿಗೆ ಬೆಲೆಯುಂಟು, ಮರಳಿ ಕೇಳುವವರಿದ್ದಾರೆಂಬ ಅರಿವಿಗೂ ಬೆಲೆಯುಂಟು.

ಇನ್ನು ಮಾತಿನ ರೀತಿ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಮದ್ಯವ್ಯಸನಿಗಳ ಚಿಕಿತ್ಸೆಯ ಅನುಭವದಿಂದ 1983ರಲ್ಲಿ ಒಂದು ಸಂಭಾಷಣಾ ಕ್ರಮವನ್ನು ವಿವರಿಸಿದರು. 1991ರಲ್ಲಿ ಸ್ಟೀಫನ್ ರೋಲ್ನಿಕ್ ಅವರೊಡನೆ ಅದನ್ನು ಗ್ರಂಥರೂಪಕ್ಕೆ ತಂದರು. ಅದರ ತಿರುಳು ಸರಳ: ಬದಲಾಗಲು ಕಾರಣವೇನೆಂಬುದನ್ನು ವೈದ್ಯರು ಹೇಳುವುದಕ್ಕಿಂತ ರೋಗಿಯೇ ಹೇಳುವಂತಾಗಬೇಕು. ಬಲವಂತಪಡಿಸಿದಷ್ಟೂ ಮನುಷ್ಯ ತನ್ನ ಚಟದ ಪರವಾಗಿ ವಕಾಲತ್ತು ವಹಿಸುತ್ತಾನೆ. "ಉಪ್ಪು ಬಿಡಿ" ಎಂದರೆ "ಸಪ್ಪೆ ಸಾರು ಇಳಿಯುವುದಿಲ್ಲ ಸ್ವಾಮಿ" ಎಂಬ ಉತ್ತರ ಸಿದ್ಧ. "ನಿಮ್ಮ ಊಟದಲ್ಲಿ ಉಪ್ಪು ಎಲ್ಲೆಲ್ಲಿಂದ ಬರುತ್ತದೆ? ಮೊದಲು ಯಾವುದನ್ನು ಕಡಿಮೆ ಮಾಡಬಲ್ಲಿರಿ?" ಎಂದು ಕೇಳಿದರೆ ಆತ ಯೋಚಿಸುತ್ತಾನೆ: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆಗೆ ಬೆರೆಸುವ ಚಿಟಿಕೆ. "ಮಜ್ಜಿಗೆಗೆ ಹಾಕುವುದನ್ನು ನಿಲ್ಲಿಸಬಹುದು" ಎಂದು ತಾನೇ ಹೇಳಿದ ಮಾತಿಗೆ ತಾನೇ ಹೊಣೆಯಾಗುತ್ತಾನೆ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು. ಒಂದು ಟೀ ಚಮಚೆಯೂ ತುಂಬದು. ಇದನ್ನು ಪಾಲಿಸಬೇಕಾದದ್ದು ರೋಗಿಯೊಬ್ಬನೇ ಅಲ್ಲ, ಅಡಿಗೆಮನೆ. ಯಜಮಾನರಿಗೆ ಬೇರೆ ಸಾರು, ಮಕ್ಕಳಿಗೆ ಬೇರೆ ಸಾರು ಎಂದು ಎರಡು ಪಾತ್ರೆ ಇಟ್ಟ ಮನೆಯಲ್ಲಿ ಪಥ್ಯ ಬಹುದಿನ ನಿಲ್ಲಲಾರದು. ಆದುದರಿಂದ ಅಡಿಗೆ ಮಾಡುವವರೂ ದವಾಖಾನೆಗೆ ಜೊತೆಯಲ್ಲಿ ಹೋಗುವುದು ಲೇಸು.

ಹೊರಗೆ ನಲವತ್ತು ಜನ ಕಾದಿರುವಾಗ ಡಾಕ್ಟರಿಗೆ ಪುರುಸೊತ್ತೆಲ್ಲಿ ಎನ್ನುವಿರಾ? ಆ ಮಾತು ನಿಜ. ಆದರೆ ಲಂಡನ್ನಿನವರು ವೆಚ್ಚ ಮಾಡಿದ್ದು ಒಂದೆರಡು ನಿಮಿಷ. ಅವರು ಕೇಳದಿದ್ದರೆ ನಾವೇ ಬಾಯಿ ತೆರೆಯಬಾರದೇಕೆ? "ಡಾಕ್ಟರೇ, ಈ ತಿಂಗಳು ಮಜ್ಜಿಗೆಗೆ ಉಪ್ಪು ಹಾಕುವುದಿಲ್ಲ, ಮುಂದಿನ ಸಲ ಬಂದಾಗ ದಯವಿಟ್ಟು ಕೇಳಿ" ಎಂದು ಹೇಳಿಬನ್ನಿ. ಕೇಳುವವರೊಬ್ಬರಿದ್ದರೆ "ಬಿಟ್ಟೇನು" ಎಂಬುದು "ಬಿಟ್ಟೆನು" ಆಗುವುದಕ್ಕೆ ಒಂದು ದೀರ್ಘ ಕಳೆದರಾಯಿತು!