ಬೆಟ್ಟದ ಸೈಕಲ್ಲಿಗೆ ಬಯಲಿನ ಹಲ್ಲು ಯಾಕೆ?

ತಿಗನಾರೆಯಂಥ ಏರು-ತಗ್ಗಿನ ಊರಲ್ಲಿ ಹಳೆಯ ಉಕ್ಕಿನ ಸೈಕಲ್ಲು ಎಷ್ಟೋ ಸಲ ಮೂಲೆ ಸೇರುವುದು ಕೆಟ್ಟು ಅಲ್ಲ, ಏರು ತುಳಿಯಲಾಗದೆ. ತಮಿಳುನಾಡು ಸರ್ಕಾರ ಪ್ಲಸ್ ಒನ್ ಮಕ್ಕಳಿಗೆ ಕೊಡುವ ಉಚಿತ ಸೈಕಲ್ಲಿಗೂ ಒಂದೇ ಗೇರು. ತಂಜಾವೂರಿನ ಬಯಲಿಗೂ ತಾಳವಾಡಿ ಬೆಟ್ಟಕ್ಕೂ ಒಂದೇ ಲೆಕ್ಕ.

ಇದಕ್ಕೆ ಹೊಸ ಗೇರ್ ಸೈಕಲ್ಲೇ ಬೇಕಿಲ್ಲ. ಮುಂದೆ 44, ಹಿಂದೆ 18 ಹಲ್ಲಿದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗುತ್ತೆ. ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿದರೆ ಎರಡೇ ಸುತ್ತು. ಸಮತಟ್ಟಿನಲ್ಲಿ ವೇಗ ಕೊಂಚ ತಗ್ಗುತ್ತೆ, ಏರಲ್ಲಿ ಕಾಲಿನ ಭಾರ ಇಳಿಯುತ್ತೆ. ಸವೆದ ಚೈನನ್ನೂ ಜೊತೆಗೇ ಬದಲಿಸಬೇಕು. ಇಲ್ಲದಿದ್ದರೆ ಅದು ಹೊಸ ಹಲ್ಲನ್ನೂ ತಿನ್ನುತ್ತೆ.

ಬೆಟ್ಟದ ಶಾಲೆಗಳಿಗೆ ಸೈಕಲ್ ಕೊಡುವಾಗಲೇ ಸರ್ಕಾರ ಇಂಥ ಫ್ರೀವೀಲ್ ಹಾಕಿಸಲಿ. ಅಲ್ಲಿವರೆಗೆ ಹೆತ್ತವರೇ ರಿಪೇರಿ ಅಂಗಡಿಯಲ್ಲಿ ಕೇಳಿ ಹಾಕಿಸಲಿ. ಏರಿಗೆ ಹೆದರಿ ಮಕ್ಕಳು ಶಾಲೆ ತಪ್ಪಿಸೋದು ಬೇಡ.